ಈಚಲ ಮರದ ಕೆಳಗಿನ ಚರಿತ್ರೆ

ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಜನ ಅದನ್ನು ಹೆಂಡವೆಂದೇ ಹೇಳುವರೆಂಬುದು ನಮ್ಮ ಕಡೆಯ ಹಳೆಯ ಗಾದೆ. ಮಾನವಂತನಾದವನು ಆ ಮರದ ನೆರಳನ್ನು ತಪ್ಪಿಸಿ ನಡೆಯಬೇಕೆಂದು ಅದರ ತಾತ್ಪರ್ಯ. ಕೋಲಾರ ಸೀಮೆಯ ಚರಿತ್ರೆಯನ್ನು ಬರೆದವರೂ ಈ ಗಾದೆಗೆ ಅಂಜಿದವರಂತೆ ಕಾಣುತ್ತಾರೆ. ಗಂಗರ ಕುವಲಾಲಪುರ, ಚೋಳರ ಶಾಸನಗಳನ್ನು ಹೊತ್ತ ಕೋಲಾರಮ್ಮನ ಗುಡಿ, ಹೈದರಾಲಿ ಹುಟ್ಟಿದ ಬೂದಿಕೋಟೆ, 1768ರಲ್ಲಿ ಅವನಿಗೂ ಇಂಗ್ಲಿಷರಿಗೂ ಯುದ್ಧ ನಡೆದ ಮುಳಬಾಗಿಲು, ಡಿ.ವಿ.ಜಿ. ಹುಟ್ಟಿದ ಮುಳಬಾಗಿಲು, ಮಾಲೂರು ತಾಲ್ಲೂಕಿನ ಮಾಸ್ತಿ ಗ್ರಾಮ, ಚಿನ್ನದ ಗಣಿ, ಇವೆಲ್ಲಕ್ಕೂ ಪುಸ್ತಕಗಳುಂಟು, ಲೇಖನಗಳುಂಟು. ಆದರೆ ಈ ಸೀಮೆಯಲ್ಲಿ ಒಂದಿಷ್ಟು ದೊಡ್ಡದೆನಿಸಿದ ಹಳ್ಳಿಯ ಹೊರಗೆಲ್ಲ ಒಂದು ಹೆಂಡದಂಗಡಿ ಇದ್ದಿತು, ದಿನದ ದುಡಿಮೆ ಮುಗಿಸಿದ ಗಂಡಸರಲ್ಲಿ ಬಹುಮಂದಿ ಅಲ್ಲಿ ಹೊತ್ತು ಕಳೆಯುತ್ತಿದ್ದರು, ಆ ಅಂಗಡಿಗೆ ಒಬ್ಬ ಒಡೆಯನಿದ್ದನು ಎಂಬ ಮಾತು ಮಾತ್ರ ಎಲ್ಲಿಯೂ ಬರುವುದಿಲ್ಲ. ಬಂದರೆ ಸರ್ಕಾರದ ಆದಾಯದ ಪಟ್ಟಿಯಲ್ಲಿ ಒಂದು ಅಂಕಿಯಾಗಿ ಬರುತ್ತದೆ, ಇಲ್ಲವೆ ಸುಧಾರಕರ ಭಾಷಣದಲ್ಲಿ ಒಂದು ಪಾಪವಾಗಿ ಬರುತ್ತದೆ.

ನಾನು ಹೆಂಡದ ವಕೀಲನಲ್ಲ. ಆ ಅಂಗಡಿಯಿಂದ ಹಾಳಾದ ಮನೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಆದರೂ ಕೆಲವು ವರ್ಷಗಳಿಂದ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳಲ್ಲಿ ಹಿರಿಯರನ್ನು ಕಂಡಾಗಲೆಲ್ಲ ಹಳೆಯ ಅಂಗಡಿಗಳ ವಿಷಯ ಕೇಳುವ ಅಭ್ಯಾಸ ಮಾಡಿಕೊಂಡಿದ್ದೇನೆ. ಮೊದಲು ನಗುತ್ತಾರೆ. ಆಮೇಲೆ ಸುತ್ತಮುತ್ತ ನೋಡಿ ಹೇಳಲು ಆರಂಭಿಸುತ್ತಾರೆ. ಅವರು ಹೇಳಿದುದನ್ನೂ, ಶಾಸನ ಕಾನೂನುಗಳಿಂದ ತಿಳಿದುದನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಹೆಂಡದಂಗಡಿಯ ಕಥೆ ಕುಡಿತದ ಕಥೆಯಷ್ಟೇ ಅಲ್ಲ. ಅಂಗಡಿಯ ಒಡೆತನ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ಕಥೆ.

ಮೊದಲು ಮರದ ವಿಷಯ. ಕರಾವಳಿಯಲ್ಲಿ ಕಳ್ಳಿಳಿಸುವುದು ತೆಂಗಿನಿಂದ, ತಾಳೆಯಿಂದ. ನಮ್ಮ ಬಯಲುಸೀಮೆಯಲ್ಲಿ ಈಚಲಿನಿಂದ. ಕೆರೆಯ ಹಿನ್ನೀರಿನ ಅಂಚು, ಕೋಡಿಯ ಕಾಲುವೆ, ಹಳ್ಳದ ಎರಡು ಪಕ್ಕ, ಇಂಥ ಜೌಗು ನೆಲದಲ್ಲಿ ಯಾರೂ ನೆಡದೆ, ಯಾರೂ ನೀರೆರೆಯದೆ ಈಚಲು ತಾನಾಗಿ ಹಬ್ಬುತ್ತದೆ. ಕೋಲಾರ ಸೀಮೆ ಕೆರೆಗಳ ಸೀಮೆಯಾದ್ದರಿಂದ ಈಚಲ ವನಗಳಿಗೂ ಕೊರತೆ ಇರಲಿಲ್ಲ. ಅದರ ಗರಿಯಿಂದ ಚಾಪೆ, ಪೊರಕೆ, ಬುಟ್ಟಿ. ಅದರ ಬಡಕಲು ಹಣ್ಣು ದನ ಕಾಯುವ ಹುಡುಗರಿಗೆ. ಅದರ ರಸ ಹಗಲೆಲ್ಲ ದುಡಿದ ಕೂಲಿಯವನಿಗೆ. ತೆಂಗಿನಲ್ಲಿ ಹೊಂಬಾಳೆಯನ್ನು ಕಟ್ಟಿ ಕೊಯ್ಯುತ್ತಾರೆ. ಈಚಲಿನಲ್ಲಿ ತಲೆಯ ಕೆಳಗೆ ಕಾಂಡವನ್ನೇ ಹೆರೆಯಬೇಕು. ಒಂದು ವರ್ಷ ಒಂದು ಮಗ್ಗುಲು ಹೆರೆದರೆ ಮರುವರ್ಷ ಎದುರು ಮಗ್ಗುಲು. ಆದ್ದರಿಂದ ಹಳೆಯ ಮರದ ಕಾಂಡ ನೆಟ್ಟಗಿರದೆ ಹಾವಿನಂತೆ ಆಚೆಗೊಂದು ಈಚೆಗೊಂದು ಕಚ್ಚು ಹೊತ್ತು ಮೇಲೇರುತ್ತದೆ. ಆ ಕಚ್ಚುಗಳನ್ನು ಎಣಿಸಿದರೆ ಎಷ್ಟು ವರ್ಷ ಕೊಯ್ದರೆಂಬುದು ತಿಳಿಯುತ್ತದೆ. ಆಳವಾಗಿ ಹೆರೆದರೆ ಮರ ಸಾಯುತ್ತದೆ, ಮೇಲೆ ಮೇಲೆ ಹೆರೆದರೆ ರಸ ಬರುವುದಿಲ್ಲ. ಕೆಲವು ದಿನ ಇಳಿಸಿ ಕೆಲವು ದಿನ ಮರಕ್ಕೆ ಬಿಡುವು ಕೊಡಬೇಕು. ಇದು ಕೈಯ ವಿದ್ಯೆ. ತಂದೆಯಿಂದ ಮಗನಿಗೆ ಬರಬೇಕಾದುದು.

ರಾತ್ರಿಯೆಲ್ಲ ಮಡಕೆಗೆ ತೊಟ್ಟಿಕ್ಕಿದ ರಸ ಬೆಳಗಿನ ಜಾವಕ್ಕೆ ಜೇನಿನಂತೆ ಸಿಹಿ. ಗಾಳಿಯಲ್ಲಿಯೂ ಮಡಕೆಯಲ್ಲಿಯೂ ಇರುವ ಹುದುಗು ತನ್ನ ಕೆಲಸವನ್ನು ಕೂಡಲೇ ತೊಡಗುವುದರಿಂದ ಹೊತ್ತೇರಿದಂತೆ ಹುಳಿಯಾಗಿ, ನೊರೆಯಾಗಿ, ಮಧ್ಯಾಹ್ನದ ಹೊತ್ತಿಗೆ ಹೆಂಡವಾಗುತ್ತದೆ. ಮಡಕೆಯ ಒಳಗೆ ಸುಣ್ಣ ಬಳಿದರೆ ಹುಳಿಯುವುದು ತಡೆದು ನೀರಾ ಆಗಿಯೇ ಉಳಿಯುತ್ತದೆ. ಮರುದಿನಕ್ಕೆ ಹೆಂಡ ಹುಳಿತು ಕುಡಿಯಲಾರದಷ್ಟು ಕೆಡುತ್ತದೆ. ಈ ಒಂದು ಗುಣ ಅಂಗಡಿಯ ಸ್ವರೂಪವನ್ನೇ ನಿರ್ಧರಿಸಿತು. ಕೂಡಿಡಲಾಗದ, ದೂರ ಸಾಗಿಸಲಾಗದ ಸರಕು ಅದು. ಮರ ಎಲ್ಲಿಯೋ ಅಂಗಡಿ ಅಲ್ಲಿಯೇ ಸಮೀಪ. ಇಂದಿನದು ಇಂದೇ ಖರ್ಚಾಗಬೇಕು. ಸಾರಾಯಿಯ ಗುಣ ಇದಕ್ಕೆ ತಿರುಗುಮುರುಗು. ಒಮ್ಮೆ ಭಟ್ಟಿ ಇಳಿಸಿದರೆ ಎಷ್ಟು ದಿನವಾದರೂ ಇಡಬಹುದು, ಎಷ್ಟು ಗಾವುದವಾದರೂ ಒಯ್ಯಬಹುದು. ಆದುದರಿಂದ ಸಾರಾಯಿಗೆ ಬಂಡವಾಳಗಾರ ಬೇಕು, ಹೆಂಡಕ್ಕೆ ಮರ ಹತ್ತಬಲ್ಲವನು ಸಾಕು. ಈ ಭೇದವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ನಡೆದುದೆಲ್ಲ ಇದರ ಮೇಲೆಯೇ ನಿಂತಿದೆ.

ಮರ ಹತ್ತುವ ಕುಲ ಈಡಿಗರದು. ನಮ್ಮ ಸೀಮೆಯಲ್ಲಿ ಅವರಲ್ಲಿ ಬಹಳಷ್ಟು ಮನೆಗಳ ಮಾತು ತೆಲುಗು. ಎಲ್ಲಮ್ಮನಿಗೆ ನಡೆದುಕೊಳ್ಳುವವರು, ಆಯುಧಪೂಜೆಯಂದು ಕೊಯ್ಯುವ ಕತ್ತಿ, ನಡುವಿನ ಹಗ್ಗ, ಮಡಕೆಗಳಿಗೆ ಕುಂಕುಮ ಹಚ್ಚುವವರು. ಹಿರಿಯರು ನೆನೆಯುವ ಹಳೆಯ ಅಂಗಡಿಯೆಂದರೆ ಇಂಥವರ ಸಂಸಾರವೇ. ಗಂಡ ನಸುಕಿನಲ್ಲಿ ಮರ ಹತ್ತುವನು, ಹೆಂಡತಿ ಗರಿಯ ಚಪ್ಪರದ ಕೆಳಗೆ ಮಡಕೆಗಳನ್ನಿಟ್ಟು ಅಳೆದು ಕೊಡುವಳು. ಪಕ್ಕದಲ್ಲಿ ಹುರುಳಿಯ ಗುಗ್ಗರಿಯೋ, ಹುರಿದ ಕಡಲೆಯೋ, ಕೆರೆಯ ಮೀನೋ, ಸಂತೆಯ ದಿನವಾದರೆ ಬೋಟಿಯ ಸಾರೋ ಇರುವುದು. ಬಡವನ ಕೈಯಲ್ಲಿ ಕಾಸಿಲ್ಲದಿದ್ದರೆ ಗೋಡೆಯ ಮೇಲೆ ಇದ್ದಿಲ ಗೀಟು. ಸುಗ್ಗಿಯಲ್ಲಿ ರಾಗಿ ಅಳೆದು ಗೀಟು ಅಳಿಸುವುದು. ಯಾರಿಗೆ ಎಷ್ಟು ಕೊಟ್ಟರೆ ಸಾಕು, ಯಾರನ್ನು ಮನೆಗೆ ಅಟ್ಟಬೇಕು ಎಂಬುದು ಆಕೆಗೆ ತಿಳಿದಿತ್ತು. ಕುಡಿಯುವವನ ಹೆಂಡತಿ ಮರುದಿನ ನೀರಿಗೆ ಬಂದಾಗ ಆಕೆಗೂ ಮುಖ ತೋರಿಸಬೇಕಲ್ಲ!

ಇದನ್ನು ಕೇಳಿ ಅದು ಸತ್ಯಯುಗವೆಂದು ಭ್ರಮಿಸುವುದು ಬೇಡ. ಜಾತಿಯ ಗೆರೆ ಅಂಗಡಿಯೊಳಗೂ ಇತ್ತು. ಚಪ್ಪರದ ಒಳಗೆ ಕೂರುವವರು ಬೇರೆ, ಹೊರಗೆ ಬೇಲಿಯ ಪಕ್ಕದಲ್ಲಿ ಎಲೆಯ ದೊನ್ನೆಗೋ ಬೊಗಸೆಗೋ ಹೊಯ್ಯಿಸಿಕೊಳ್ಳುವವರು ಬೇರೆ. ಕೂಲಿಯ ಒಂದು ಪಾಲನ್ನು ಹೆಂಡದ ರೂಪದಲ್ಲಿಯೇ ಕೊಟ್ಟು ಆಳನ್ನು ಕಟ್ಟಿಹಾಕಿಕೊಳ್ಳುವ ಜಮೀನ್ದಾರರೂ ಇದ್ದರೆಂದು ಹಿರಿಯರು ಹೇಳುವುದುಂಟು. ಆದರೆ ಅಂಗಡಿಯವಳು ಊರಿನವಳು. ಊರಿನ ಕಣ್ಣಿನ ಹಿಡಿತದಲ್ಲಿ ಇದ್ದವಳು. ಅಷ್ಟನ್ನು ಮಾತ್ರ ನಾನು ಒತ್ತಿ ಹೇಳುವುದು.

ಈ ಕಸುಬಿನಿಂದ ರಾಜರು ತೆರಿಗೆ ಎತ್ತಿದುದು ಹೊಸತಲ್ಲ. ಕೋಲಾರ ಸೀಮೆಯನ್ನು ಚೋಳರು ಆಳಿದ ಹನ್ನೊಂದನೆಯ ಶತಮಾನದಲ್ಲಿ ಅವರ ತಮಿಳು ಶಾಸನಗಳು ಎಣಿಸುವ ತೆರಿಗೆಗಳಲ್ಲಿ ಕಳ್ಳಿಳಿಸುವವರ ಮೇಲಿನ ‘ಈೞಂಪೂಟ್ಚಿ’ ಎಂಬುದೊಂದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರ ನಡುವೆ ಹೆಂಡದ ಮಾರಯ್ಯನೆಂಬ ವಚನಕಾರನಿದ್ದನು. ‘ಧರ್ಮೇಶ್ವರಲಿಂಗ’ ಅವನ ಅಂಕಿತ. ತನ್ನ ಅಂಗಡಿ, ತನ್ನ ಮಡಕೆ, ತನ್ನ ಗಿರಾಕಿ ಇವುಗಳನ್ನೇ ಹಿಡಿದು ಅವನು ಪರಮಾರ್ಥವನ್ನು ಹೇಳಿದ್ದಾನೆ. ಕನ್ನಡದ ಪಾಲಿಗೆ ಹೆಸರು ಉಳಿದ ಹೆಂಡದಂಗಡಿಯವನೆಂದರೆ ಬಹುಶಃ ಅವನೊಬ್ಬನೇ. ಅವನ ಬಳಿಕ ಎಂಟುನೂರು ವರ್ಷ ಕಳೆದು ಜಿ.ಪಿ. ರಾಜರತ್ನಂ ಅವರು ಯೆಂಡ್ಕುಡ್ಕ ರತ್ನನನ್ನು ಸೃಷ್ಟಿಸಿದರು. ಸ್ವತಃ ಹೆಂಡವನ್ನು ಮುಟ್ಟದ ಆ ಕವಿ ಕುಡಿಯುವವನಿಗೆ ಬಾಯಿ ಕೊಟ್ಟರು. ಹೊಯ್ದು ಕೊಡುವವನಿಗೆ ಮಾತ್ರ ಇನ್ನೂ ಬಾಯಿ ಬಂದಿಲ್ಲ.

ಬೂದಿಕೋಟೆಯ ಹೈದರನ ಮಗ ಟಿಪ್ಪು ಸುಲ್ತಾನ್ ತನ್ನ ರಾಜ್ಯದಲ್ಲಿ ಮದ್ಯವನ್ನು ನಿಷೇಧಿಸಿದನೆಂಬುದು ಚರಿತ್ರೆಗೆ ತಿಳಿದ ಸಂಗತಿ. ಬೊಕ್ಕಸಕ್ಕೆ ನಷ್ಟವಾದರೂ ಚಿಂತೆಯಿಲ್ಲವೆಂದು ನಿಂತ ದೊರೆಗಳಲ್ಲಿ ಅವನೊಬ್ಬನು. 1799ರಲ್ಲಿ ಅವನು ಬಿದ್ದಮೇಲೆ ಪೂರ್ಣಯ್ಯನವರ ದಿವಾನಗಿರಿ ಬಂದಿತು. ಪಾಪನಪಲ್ಲಿ ಎಂಬ ಊರು ಆ ದಿವಾನರ ಮಗನ ಹೆಸರು ಹೊತ್ತು ಶ್ರೀನಿವಾಸಪುರವಾದುದು ಆ ಕಾಲದಲ್ಲಿಯೇ. ಹೆಂಡ ಸಾರಾಯಿಗಳ ಹುಟ್ಟುವಳಿ ಮತ್ತೆ ಸರ್ಕಾರದ ಲೆಕ್ಕಕ್ಕೆ ಸೇರಿತು. 1831ರಿಂದ 1881ರ ವರೆಗೆ ಇಂಗ್ಲಿಷ್ ಕಮಿಷನರುಗಳ ಆಳಿಕೆ, ಆಮೇಲೆ ಮತ್ತೆ ಒಡೆಯರ ಆಳಿಕೆ. ಆಳುವವರು ಬದಲಾದರು, ಅಬ್ಕಾರಿ ಬದಲಾಗಲಿಲ್ಲ, ಬೆಳೆಯಿತು. ಈ ಪದ ಪಾರಸಿಯದು. ನೀರಿನ ಕೆಲಸವೆಂದು ಅರ್ಥ. ಬಡವನ ಈ ನೀರಿನಿಂದ ಬಂದ ಹಣ ಮೈಸೂರು ಸಂಸ್ಥಾನದ ಮುಖ್ಯ ಆದಾಯಗಳಲ್ಲೊಂದಾಗಿತ್ತು. ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಶಾಲೆ, ಆಸ್ಪತ್ರೆ, ರಸ್ತೆಗಳಲ್ಲಿ ಅದರ ಪಾಲೂ ಉಂಟು.

ಹಣ ಎತ್ತುವ ವಿಧಾನ ಗುತ್ತಿಗೆ. ಸರ್ಕಾರ ಮರಗಳಿಗೆ ಗುರುತು ಹಾಕಿಸಿತು, ಅಂಗಡಿಗಳನ್ನು ಎಣಿಸಿತು, ಮಾರುವ ಹಕ್ಕನ್ನು ಹರಾಜು ಹಾಕಿತು. ಹೆಚ್ಚು ಕೂಗಿದವನಿಗೆ ಅಂಗಡಿ. ನೋಡಲು ಇದು ಸರಳವಾದ ವ್ಯವಹಾರ. ಆದರೆ ಮೊದಲು ಹೇಳಿದ ಸಂಸಾರವನ್ನು ನೆನೆಯಿರಿ. ಮರ ಹತ್ತುವವನ ಬಳಿ ಹರಾಜಿಗೆ ಕಟ್ಟುವ ಠೇವಣಿ ಎಲ್ಲಿಂದ ಬರಬೇಕು? ಕೂಗಿದವನು ಪಟ್ಟಣದ ಸಾಹುಕಾರ. ಅವನ ಗುಮಾಸ್ತೆ ಅಂಗಡಿಯಲ್ಲಿ ಕುಳಿತನು. ನಿನ್ನೆ ಒಡೆಯನಾಗಿದ್ದ ಈಡಿಗ ಇಂದು ಮಡಕೆಗಿಷ್ಟು ಎಂದು ಕೂಲಿ ಪಡೆಯುವ ಆಳಾದನು. ಎಲ್ಲ ಕಡೆಯೂ ಹೀಗೆಯೇ ಆಯಿತೆಂದಲ್ಲ. ಈಡಿಗರಲ್ಲಿಯೇ ಗುತ್ತಿಗೆ ಹಿಡಿದು ಮೇಲೆ ಬಂದು, ಮಕ್ಕಳನ್ನು ಓದಿಸಿ, ಛತ್ರ ವಿದ್ಯಾರ್ಥಿನಿಲಯಗಳಿಗೆ ದಾನ ಕೊಟ್ಟವರೂ ಇದ್ದಾರೆ. ಆದರೆ ಸಾಮಾನ್ಯವಾಗಿ ಹತ್ತುವವನೂ ಮಾರುವವನೂ ಬೇರೆಬೇರೆಯಾದರು. ಮಾರುವವನಿಗೆ ಕುಡಿಯುವವನ ಹೆಂಡತಿಯ ಮುಖದ ಪರಿಚಯವಿರಲಿಲ್ಲ.

ನಾಲ್ಕು ಪಟ್ಟಣಗಳ ಅಂಗಡಿಗಳಿಗೂ ಒಂದೊಂದು ಬಗೆಯ ಗಿರಾಕಿ. ಮುಳಬಾಗಿಲು ಬೆಂಗಳೂರಿನಿಂದ ಪಲಮನೇರಿ, ಚಿತ್ತೂರುಗಳ ಮೇಲೆ ಮದರಾಸಿಗೆ ಹೋಗುವ ಹೆದ್ದಾರಿಯ ಊರು. ಮೊದಲು ಗಾಡಿಯವರು, ಆಮೇಲೆ ಲಾರಿಯವರು ಅಲ್ಲಿಯ ಗಿರಾಕಿಗಳು. ಮಾಲೂರು ಜೇಡಿಮಣ್ಣಿನ ಊರು. ಹೆಂಚು ಇಟ್ಟಿಗೆಗಳ ಆವಿಗೆಯ ಮುಂದೆ ಬೆಂದು ಬಂದವರು ಅಲ್ಲಿಗೆ ಬರುವರು. ಶ್ರೀನಿವಾಸಪುರ ಮಾವಿನ ತೋಪುಗಳ ಊರು. ಕಾಯಿ ಕೀಳುವ ಕಾಲದಲ್ಲಿ ಅಲ್ಲಿ ಅಂಗಡಿಗೂ ಸುಗ್ಗಿ. ಕೋಲಾರ ಸಂತೆಗೂ ಕಚೇರಿಗೂ ಬಂದವರ ಊರು. ಖಟ್ಲೆ ಗೆದ್ದವನೂ ಸೋತವನೂ ಒಂದೇ ಚಪ್ಪರಕ್ಕೆ ಬರುತ್ತಿದ್ದರೆಂದು ತಮಾಷೆಯಾಗಿ ಹೇಳುವುದುಂಟು. ಇವೆಲ್ಲಕ್ಕೂ ಪಕ್ಕದಲ್ಲಿ ಚಿನ್ನದ ಗಣಿ. 1880ರಲ್ಲಿ ಜಾನ್ ಟೇಲರ್ ಕಂಪೆನಿ ಬಂದಮೇಲೆ ಅಲ್ಲಿ ಸಾವಿರಾರು ಮಂದಿ ಕೂಲಿಗಳು ಸೇರಿದರು. ನೆಲದ ಕೆಳಗಿನ ಆ ಬಿಸಿ, ಕಲ್ಲಿನ ಧೂಳು, ಬಂಡೆ ಸಿಡಿಯುವ ಭಯ ಇವುಗಳಿಂದ ಮೇಲೆ ಬಂದವನು ಏನನ್ನು ಬಯಸುವನೆಂಬುದನ್ನು ಊಹಿಸುವುದು ಕಷ್ಟವಲ್ಲ. ಕಂಪೆನಿ ಕೊಟ್ಟ ಕೂಲಿಯ ಒಂದು ಪಾಲು ಅಬ್ಕಾರಿಯ ದಾರಿಯಿಂದ ಸರ್ಕಾರಕ್ಕೆ ಸೇರುತ್ತಿತ್ತು. ಚಿನ್ನದ ರಾಜಧನ ಬೇರೆ!

ಇಲ್ಲಿ ಪರದೇಶದ ಮಾತೊಂದನ್ನು ಹೇಳುವುದು ಉಚಿತ. ಸ್ಕಾಟ್ಲೆಂಡಿನ ಎಡಿನ್‌ಬರೋ, ಗ್ಲಾಸ್ಗೋ ಪಟ್ಟಣಗಳಲ್ಲಿ ಬೀದಿಗೊಂದು ಪಾನಗೃಹ. ಅದರ ಒಡೆಯನು ಬಹುಸಲ ಅದರ ಬಾಗಿಲ ಮೇಲೆ ತನ್ನ ಹೆಸರನ್ನು ಬರೆಸಿರುವನು. ಪರವಾನಗಿಯ ದಫ್ತರಗಳಲ್ಲಿಯೂ, ವರ್ಷ ವರ್ಷ ಅಚ್ಚಾಗುತ್ತಿದ್ದ ಅಂಚೆಯ ವಿಳಾಸಪುಸ್ತಕಗಳಲ್ಲಿಯೂ ಆ ಹೆಸರು ಉಂಟು. ಆದ್ದರಿಂದ ಅಲ್ಲಿಯ ಊರಚರಿತ್ರೆಕಾರರು ಒಂದು ಮೂಲೆಯ ಪಾನಗೃಹವನ್ನು ನೂರೈವತ್ತು ವರ್ಷಗಳಲ್ಲಿ ಯಾರು ಯಾರು ನಡೆಸಿದರೆಂದು ಹೇಳಬಲ್ಲರು. ಅಲ್ಲಿಯೂ ಕುಡಿತದ ಕಾಟವಿತ್ತು, ಅಲ್ಲಿಯೂ ಸುಧಾರಕರಿದ್ದರು. 1853ರ ಕಾನೂನು ಭಾನುವಾರ ಪಾನಗೃಹಗಳನ್ನು ಮುಚ್ಚಿಸಿತು, ಉಳಿದ ದಿನ ರಾತ್ರಿ ಹನ್ನೊಂದಕ್ಕೆ ಬಾಗಿಲು ಹಾಕಿಸಿತು. ತಮ್ಮ ಬಡಾವಣೆಗೆ ಮದ್ಯದಂಗಡಿ ಬೇಕೋ ಬೇಡವೋ ಎಂದು ಮತ ಹಾಕಿ ತೀರ್ಮಾನಿಸುವ ಹಕ್ಕನ್ನು 1913ರ ಇನ್ನೊಂದು ಕಾನೂನು ಅಲ್ಲಿಯ ಜನರಿಗೆ ಕೊಟ್ಟಿತು. ನಮ್ಮಲ್ಲಿ ಅಂಗಡಿಯನ್ನು ತೆರೆಯುವಾಗಲಾಗಲಿ ಮುಚ್ಚುವಾಗಲಾಗಲಿ ಹಳ್ಳಿಯನ್ನು ಹೀಗೆ ಕೇಳಿದವರಿಲ್ಲ. ಅದೇ ಸ್ಕಾಟ್ಲೆಂಡಿನ ಥಾಮಸ್ ಲೀಷ್‌ಮನ್ ಎಂಬವನು 1915ರಲ್ಲಿ ಈ ಕಡೆಯ ಐದು ಬಿಯರ್ ಕಾರ್ಖಾನೆಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಸ್ಥಾಪಿಸಿದನು. ಅವನ ಹೆಸರು ಚರಿತ್ರೆಯಲ್ಲಿ ಉಳಿಯಿತು. ಅದೇ ವರ್ಷ ಮುಳಬಾಗಿಲಿನ ಹೆಂಡದಂಗಡಿಯಲ್ಲಿ ಕುಳಿತಿದ್ದವರ ಹೆಸರು ಉಳಿಯಲಿಲ್ಲ.

ಸ್ವಾತಂತ್ರ್ಯ ಚಳವಳಿಗೆ ಹೆಂಡದಂಗಡಿ ಒಂದು ರಣರಂಗವಾಯಿತು. ಗಾಂಧೀಜಿಯವರ ಕಾರ್ಯಕ್ರಮದಲ್ಲಿ ಪಾನನಿರೋಧಕ್ಕೆ ಖಾದಿಯಷ್ಟೇ ಸ್ಥಾನ. ಮೈಸೂರು ಸಂಸ್ಥಾನದಲ್ಲಿ ಅದು ಈಚಲ ಮರವನ್ನೇ ಕಡಿಯುವ ಸತ್ಯಾಗ್ರಹವಾಗಿ ಬೆಳೆಯಿತು. 1939ರಲ್ಲಿ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ಎಸ್. ನಿಜಲಿಂಗಪ್ಪನವರ ಮುಂದಾಳ್ತನದಲ್ಲಿ ನಡೆದ ಮರ ಕಡಿಯುವ ಚಳವಳಿ ಪ್ರಸಿದ್ಧವಾದುದು. ಸರ್ಕಾರದ ಆದಾಯದ ಬೇರಿಗೇ ಕೊಡಲಿ ಹಾಕಿದಂತೆ ಅದು. ಕೊಡಲಿ ಬಿದ್ದುದು ಮರ ಹತ್ತುವವನ ಅನ್ನದ ಮೇಲೆ ಕೂಡ ಎಂಬುದನ್ನು ಆ ಉತ್ಸಾಹದಲ್ಲಿ ಯೋಚಿಸಿದವರು ಕಡಿಮೆ.

ಈ ನಡುವೆ ನಮ್ಮ ಸೀಮೆಗೆ ಒಂದು ವಿಚಿತ್ರವಾದ ಪರಿಸ್ಥಿತಿ ಬಂದಿತು. ಮದರಾಸಿನಲ್ಲಿ ರಾಜಾಜಿಯವರು ಪ್ರಧಾನಿಯಾಗಿ 1937ರಲ್ಲಿ ಸೇಲಂ ಜಿಲ್ಲೆಯಲ್ಲಿ ಪಾನನಿರೋಧ ತಂದರು. 1938ರಲ್ಲಿ ಚಿತ್ತೂರು ಮತ್ತು ಕಡಪಕ್ಕೂ, 1939ರಲ್ಲಿ ಉತ್ತರ ಆರ್ಕಾಡಿಗೂ ಅದು ಹಬ್ಬಿತು. ಭೂಪಟವನ್ನು ತೆಗೆದು ನೋಡಿ. ಮಾಲೂರಿನ ದಕ್ಷಿಣಕ್ಕೆ ಹೊಸೂರು. ಅದು ಅಂದು ಸೇಲಂ ಜಿಲ್ಲೆಯದು. ಮುಳಬಾಗಿಲು ಶ್ರೀನಿವಾಸಪುರಗಳ ಪೂರ್ವಕ್ಕೆ ಅಂದಿನ ಚಿತ್ತೂರು ಜಿಲ್ಲೆ. ಮೂರೇ ವರ್ಷಗಳಲ್ಲಿ ಕೋಲಾರ ಸೀಮೆ ಎರಡು ಕಡೆ ಒಣ ನೆಲದಿಂದ ಸುತ್ತುವರಿಯಲ್ಪಟ್ಟ ಒದ್ದೆ ನೆಲವಾಯಿತು. ಭಾಷೆ ಒಂದೇ, ನೆಂಟಸ್ತನ ಒಂದೇ, ಸಂತೆ ಒಂದೇ; ಹಳ್ಳದ ಆಚೆ ಕುಡಿದರೆ ಜೈಲು, ಈಚೆ ಕುಡಿದರೆ ಮಹಾರಾಜರ ಬೊಕ್ಕಸಕ್ಕೆ ಲಾಭ. ಗಡಿಯ ಅಂಗಡಿಗಳಿಗೆ ಕತ್ತಲಾದ ಮೇಲೆ ಆಚೆಯವರು ಬರುತ್ತಿದ್ದ ಕಥೆಗಳು ಆ ಕಡೆಯ ಹಳ್ಳಿಗಳಲ್ಲಿ ಇನ್ನೂ ಬದುಕಿವೆ. ಯುದ್ಧಕಾಲದಲ್ಲಿ ಮದರಾಸು ಸರ್ಕಾರ ಪಾನನಿರೋಧವನ್ನು ಅಮಾನತ್ತಿನಲ್ಲಿಟ್ಟಿತು. 1948ರ ಅಕ್ಟೋಬರ್ 2ರಂದು ಇಡೀ ಪ್ರಾಂತಕ್ಕೆ ಅದು ಮತ್ತೆ ಬಂದಿತು.

ಅಷ್ಟರಲ್ಲಿ ಮೈಸೂರಿನಲ್ಲಿಯೂ ಜವಾಬ್ದಾರಿ ಸರ್ಕಾರ ಬಂದಿತ್ತು. ಅದರ ಮುಖ್ಯಮಂತ್ರಿ ಕೆ.ಸಿ. ರೆಡ್ಡಿಯವರು ನಮ್ಮ ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯವರೇ. ಪಾನನಿರೋಧ ಹಂತಹಂತವಾಗಿ ಜಾರಿಗೆ ಬಂದಿತು. 1950ರಲ್ಲಿ ಸಂವಿಧಾನದ 47ನೆಯ ವಿಧಿ ಅದನ್ನು ರಾಜ್ಯಗಳ ಕರ್ತವ್ಯವೆಂದು ಹೇಳಿತು. 1956ರಲ್ಲಿ ರಾಜ್ಯ ವಿಶಾಲವಾದಾಗ ಮುಂಬಯಿ, ಮದರಾಸುಗಳಿಂದ ಬಂದ ಜಿಲ್ಲೆಗಳು ಒಣ, ಹೈದರಾಬಾದಿನಿಂದ ಬಂದವು ಒದ್ದೆ. ಒಂದೇ ರಾಜ್ಯದಲ್ಲಿ ಎರಡು ನ್ಯಾಯ. 1961ರಲ್ಲಿ ಇದಕ್ಕಾಗಿ ಮತ್ತೊಂದು ಕಾನೂನಾಯಿತು. ಆದರೆ ನಿಷೇಧವಿದ್ದಲ್ಲಿ ಕುಡಿತ ನಿಂತಿತೆಂದು ಎದೆ ತಟ್ಟಿ ಹೇಳಬಲ್ಲ ಹಿರಿಯರನ್ನು ನಾನು ಕಂಡಿಲ್ಲ. ಹೆಂಡ ಮಾತ್ರ ನಿಂತಿತು. ಬಯಲಲ್ಲಿ ನಿಂತ ಮರದ ತುದಿಯಲ್ಲಿ ಮಡಕೆಯನ್ನು ಬಚ್ಚಿಡುವುದು ಸಾಧ್ಯವಿಲ್ಲವಷ್ಟೆ. ಅದರ ಜಾಗಕ್ಕೆ ಗುಡ್ಡದ ಮರೆಯಲ್ಲಿ, ಬೆಲ್ಲ ಮತ್ತು ಜಾಲಿಯ ತೊಗಟೆ ಕೊಳೆಸಿ ಇಳಿಸಿದ ಕಳ್ಳಭಟ್ಟಿ ಬಂದಿತು. ಸೌಮ್ಯವಾದುದು ಹೋಗಿ ಉಗ್ರವಾದುದು ಬಂದಿತು.

1967ರಲ್ಲಿ ನಿಷೇಧ ತೆಗೆಯಲ್ಪಟ್ಟಿತು. ತೆಗೆದ ಸರ್ಕಾರದ ಮುಖ್ಯಮಂತ್ರಿ, ಇಪ್ಪತ್ತೆಂಟು ವರ್ಷಗಳ ಹಿಂದೆ ತುರುವನೂರಿನಲ್ಲಿ ಕೊಡಲಿ ಹಿಡಿದ ನಿಜಲಿಂಗಪ್ಪನವರೇ. ಇದನ್ನು ಹೇಳಿ ಅವರನ್ನು ಹಂಗಿಸುವುದು ನನ್ನ ಉದ್ದೇಶವಲ್ಲ. ಕೊಡಲಿ ಹಿಡಿಯುವವನಿಗೂ ಆಯವ್ಯಯ ಮಂಡಿಸುವವನಿಗೂ ಪ್ರಪಂಚ ಬೇರೆಬೇರೆಯಾಗಿ ಕಾಣುತ್ತದೆ. ಕಳ್ಳಭಟ್ಟಿಯನ್ನು ಕಂಡು ಬೇಸತ್ತ ಪ್ರಾಮಾಣಿಕರೂ ಆಗ ನಿಷೇಧ ಬೇಡವೆಂದಿದ್ದರು. ಆದರೆ ಬಂದ ರೀತಿ ಹಳೆಯ ಹರಾಜಿನದೇ. 1969ರ ಗುತ್ತಿಗೆಯ ನಿಯಮಗಳೊಡನೆ ಹೆಂಡ ಸಾರಾಯಿಗಳ ಹಕ್ಕು ವರ್ಷವರ್ಷ ಕೂಗಿಗೆ ಬಿದ್ದಿತು. ಜುಲೈ ಒಂದಕ್ಕೆ ಅಬ್ಕಾರಿಯ ಹೊಸ ವರ್ಷ. ಗುತ್ತಿಗೆದಾರ ಈಗ ಒಂದು ಅಂಗಡಿಯವನಲ್ಲ; ತಾಲ್ಲೂಕುಗಳನ್ನೇ, ಜಿಲ್ಲೆಗಳನ್ನೇ ಹಿಡಿಯುವ ಧನಿಕ. ಚುನಾವಣೆಗಳಿಗೂ ಅವನ ಹಣ ಬೇಕಾಯಿತೆಂಬುದು ಲೋಕಕ್ಕೆ ಗೊತ್ತಿರುವ ಮಾತು.

ಇಲ್ಲೊಂದು ಸರಳವಾದ ಲೆಕ್ಕವಿದೆ. ಹರಾಜಿನ ಮೊತ್ತ ವರ್ಷವರ್ಷ ಏರುತ್ತದೆ. ಈಚಲ ಮರ ವರ್ಷವರ್ಷ ಕಡಿಮೆಯಾಗುತ್ತದೆ. ಒಂದು ಮರ ಕೊಡುವ ರಸ ಹೆಚ್ಚುವುದಿಲ್ಲ. ಹಾಗಾದರೆ ಗುತ್ತಿಗೆದಾರ ತನ್ನ ಹಣವನ್ನು ಎಲ್ಲಿಂದ ತೆಗೆಯಬೇಕು? ನೀರಿನಿಂದ ತೆಗೆಯಬೇಕು. ನೀರು ಬೆರೆಸಿದ ಹೆಂಡಕ್ಕೆ ಮತ್ತು ಬರಬೇಕಾದರೆ ಇನ್ನೇನಾದರೂ ಬೆರೆಯಬೇಕು. ಹೀಗೆ ಕ್ಲೋರಲ್ ಹೈಡ್ರೇಟ್ ಎಂಬ ನಿದ್ರೆಯ ಪುಡಿ ಸೇಂದಿಯೊಳಗೆ ಬಂದಿತು. ನಮ್ಮಲ್ಲಿಯೂ ನೆರೆಯ ತೆಲುಗು ಜಿಲ್ಲೆಗಳಲ್ಲಿಯೂ ಜನ ಹೆಂಡವೆಂದು ಕುಡಿದುದು ಬಹುಸಲ ಈ ಔಷಧದ ನೀರನ್ನೇ. ಒಂದೆರಡು ದಿನ ಸಿಗದಿದ್ದರೆ ಕೈ ನಡುಗಿ ಬುದ್ಧಿ ಭ್ರಮಿಸುವುದು ಇದರಿಂದ. ಹಳೆಯ ಈಡಿಗಿತ್ತಿ ಇದನ್ನು ಬೆರೆಸುತ್ತಿರಲಿಲ್ಲ; ಧರ್ಮಭೀರುವೆಂದಲ್ಲ, ಬೆರೆಸುವ ಅಗತ್ಯವೇ ಅವಳಿಗಿರಲಿಲ್ಲ.

ಎಪ್ಪತ್ತರ ದಶಕದಲ್ಲಿ ಈ ವ್ಯಾಪಾರಕ್ಕೆ ಎದುರಾದ ಗಟ್ಟಿ ದನಿ ದಲಿತ ಸಂಘರ್ಷ ಸಮಿತಿಯದು. ಕೋಲಾರ ಜಿಲ್ಲೆ ಅದರ ಕೋಟೆಯಂತಿದ್ದಿತು. ಹೆಂಡ ಸಾರಾಯಿ ಬೇಡ, ಶಾಲೆ ಬೇಕು, ವಸತಿನಿಲಯ ಬೇಕು ಎಂಬುದು ಅವರ ಕೂಗು. ಮೊದಲಿನ ಸುಧಾರಕರು ಕುಡಿಯುವವನಿಗೆ ನೀತಿ ಹೇಳಿದರು. ಇವರು ಕುಡಿಸುವವನಿಗೆ ಪ್ರಶ್ನೆ ಕೇಳಿದರು. ಕೇರಿಯ ಬಾಯಿಗೆ ಅಂಗಡಿ ಬಂದಷ್ಟು ಬೇಗ ಶಾಲೆ ಏಕೆ ಬರಲಿಲ್ಲ? ಈ ಪ್ರಶ್ನೆಗೆ ಸರ್ಕಾರದ ಬಳಿ ಉತ್ತರವಿರಲಿಲ್ಲ. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಸಾರಾಯಿ ಅಂಗಡಿಯನ್ನು ಮುಚ್ಚಿಸಿದರು. ಆಂಧ್ರದಲ್ಲಿ 1993ರಲ್ಲಿ ಸಾರಾಯಿಯೂ, 1995ರಲ್ಲಿ ಎಲ್ಲ ಮದ್ಯವೂ ನಿಷೇಧವಾಗಿ, 1997ರಲ್ಲಿ ಮತ್ತೆ ಸಡಿಲವಾಯಿತು. ಆ ಎರಡು ವರ್ಷ ಮುಳಬಾಗಿಲು ಶ್ರೀನಿವಾಸಪುರಗಳ ಗಡಿಯಲ್ಲಿ ರಾಜಾಜಿಯವರ ಕಾಲವೇ ಮರಳಿದಂತಾ­ಯಿತು.

ನಮ್ಮಲ್ಲಿ ಈ ಶತಮಾನದ ಮೊದಲ ದಶಕದಲ್ಲಿ ಈಚಲ ಹೆಂಡದ ಅಂಗಡಿಗಳು ಮುಚ್ಚಿದವು. 2007ರ ಜುಲೈ ಒಂದರಿಂದ ಸಾರಾಯಿಯೂ ನಿಷೇಧವಾಯಿತು. ಹೆಂಗಸರು ಹರಸಿದರು, ಪ್ಲಾಸ್ಟಿಕ್ ಪೊಟ್ಟಣದ ಆ ಸಾರಾಯಿ ಹಾಳು ಮಾಡಿದ ಸಂಸಾರಗಳನ್ನು ಕಂಡವರಾರೂ ಅವರ ಹರಕೆಯನ್ನು ಅಲ್ಲಗಳೆಯಲಾರರು. ಆದರೆ ಒಂದು ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು ಮತ್ತು ಕೋಲಾರ ಜಿಲ್ಲೆಗಳಲ್ಲಿಯೂ ಗಡಿಯಾಚೆಯ ಕೃಷ್ಣಗಿರಿ ಜಿಲ್ಲೆಯಲ್ಲಿಯೂ ಮೆಥನಾಲ್ ಬೆರೆತ ಕಳ್ಳಸಾರಾಯಿ ಕುಡಿದು ನೂರೈವತ್ತಕ್ಕೂ ಹೆಚ್ಚು ಮಂದಿ ಸತ್ತರು. ಸತ್ತವರು ಕೂಲಿಯವರು, ಮೂಟೆ ಹೊರುವವರು, ಕಸ ಗುಡಿಸುವವರು. ಅಂಗಡಿ ಮುಚ್ಚಿದರೆ ಬಾಯಾರಿಕೆ ಮುಚ್ಚುವುದಿಲ್ಲವೆಂಬುದನ್ನು 1981ರಲ್ಲಿ ಮುನ್ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಬೆಂಗಳೂರಿನ ದುರಂತವಾಗಲಿ, ಇದಾಗಲಿ ನಮಗೆ ಕಲಿಸಿದಂತೆ ಕಾಣುವುದಿಲ್ಲ. ಬಾಗಿಲು ಮುಚ್ಚುವುದೂ ತೆರೆಯುವುದೂ ಒಂದೇ ಕೈಯಾಗಿದ್ದು, ಆ ಕೈಗೆ ಹಣವೊಂದೇ ಕಾಣುತ್ತಿದ್ದರೆ ಫಲ ಹೀಗೆಯೇ.

ಈಗ ಒಡೆಯ ಯಾರು? 2003ರಲ್ಲಿ ಆದ ಸರ್ಕಾರಿ ಪಾನೀಯ ನಿಗಮದ ಉಗ್ರಾಣದಿಂದಲೇ ಎಲ್ಲ ಸೀಸೆಗಳೂ ಹೊರಡಬೇಕು. ಮಾರುವ ಮಳಿಗೆಗಳಲ್ಲಿಯೂ ಸರ್ಕಾರಿ ಸಂಸ್ಥೆಯವು ಕೆಲವು. 2023–24ರಲ್ಲಿ ರಾಜ್ಯಕ್ಕೆ ಅಬ್ಕಾರಿಯಿಂದ ಬಂದುದು 34 ಸಾವಿರ ಕೋಟಿ ರೂಪಾಯಿಗೂ ಮಿಕ್ಕಿ. ಅಂದರೆ ಅಂಗಡಿಯ ನಿಜವಾದ ಒಡೆಯರು ನಾವೆಲ್ಲರೂ. ಮರ ಹತ್ತುವವನಿಂದ ಸಾಹುಕಾರನಿಗೆ, ಸಾಹುಕಾರನಿಂದ ಸರ್ಕಾರಕ್ಕೆ ಒಡೆತನ ದಾಟಿದ ಪ್ರತಿಸಲವೂ ಅಂಗಡಿ ಕುಡಿಯುವವನ ಮನೆಯಿಂದ ಒಂದು ಹೆಜ್ಜೆ ದೂರವಾಯಿತು. ಸೀಸೆಯೊಳಗಿನದು ಒಂದು ಹೆಜ್ಜೆ ಉಗ್ರವಾಯಿತು.

ಈಚಲ ವನಗಳು ಬಹುಮಟ್ಟಿಗೆ ಹೋದವು. ಕೆರೆಗಳು ಬತ್ತಿದವು, ಅಂಗಳಗಳು ಒತ್ತುವರಿಯಾದವು. ಎಂಬತ್ತರ ದಶಕದ ಸಾಮಾಜಿಕ ಅರಣ್ಯದ ಉತ್ಸಾಹದಲ್ಲಿ ಕೋಲಾರ ಸೀಮೆಯ ಹೊಲಬಯಲುಗಳಿಗೆ ನೀಲಗಿರಿ ಬಂದಿತು. ಅದನ್ನು ಹೊಸದಾಗಿ ನೆಡಬಾರದೆಂದು ಸರ್ಕಾರವೇ 2017ರಲ್ಲಿ ಆಜ್ಞೆ ಮಾಡಬೇಕಾಯಿತು. ತೆಂಗಿನ ನೀರಾಕ್ಕೆ ಈಚೆಗೆ ಅನುಮತಿ ದೊರೆತು ತೆಂಗು ಬೆಳೆಗಾರರಿಗೆ ಸಮಾಧಾನವಾಯಿತು. ಈಚಲನ್ನು ಕೇಳುವವರಿಲ್ಲ. ಅದನ್ನು ಹೆರೆಯಬಲ್ಲ ಕೈಗಳು ಮುದಿಯಾಗಿವೆ. ಮಕ್ಕಳು ಬೆಂಗಳೂರಿಗೆ, ನರಸಾಪುರ ವೇಮಗಲ್ಲುಗಳ ಕಾರ್ಖಾನೆಗಳಿಗೆ ಬಸ್ಸು ಹತ್ತುತ್ತಾರೆ. ಅದು ಒಳ್ಳೆಯದೇ. ಯಾರ ಮಗನೂ ಮರದಿಂದ ಬಿದ್ದು ಬೆನ್ನು ಮುರಿದುಕೊಳ್ಳಲಿ ಎಂದು ನಾನು ಬಯಸುವುದಿಲ್ಲ.

ಆದರೆ ಲೆಕ್ಕವೊಂದು ಬಾಕಿ ಇದೆ. ಪ್ರತಿಯೊಂದು ನಿಷೇಧವೂ ಮೊದಲು ಮರ ಹತ್ತುವವನ ಮೇಲೆ ಬಿದ್ದಿತು, ಗುತ್ತಿಗೆದಾರನ ಮೇಲೆ ಕೊನೆಗೆ ಬಿದ್ದಿತು. ಪ್ರತಿಯೊಂದು ಸಡಿಲಿಕೆಯೂ ಮೊದಲು ಗುತ್ತಿಗೆದಾರನಿಗೆ ಸಿಕ್ಕಿತು, ಮರ ಹತ್ತುವವನಿಗೆ ಕೊನೆಗೂ ಸಿಗಲಿಲ್ಲ. ಎರಡು ಸಲವೂ ಬೆಲೆ ತೆತ್ತವಳು ಕುಡಿಯುವವನ ಹೆಂಡತಿ. ಇದನ್ನು ಹೇಳದ ಕೋಲಾರದ ಚರಿತ್ರೆ ಅರ್ಧ ಚರಿತ್ರೆ. ಊರೂರಿನ ಶಾಲೆಗಳಲ್ಲಿ ಸ್ಥಳೀಯ ಚರಿತ್ರೆ ಬರೆಯಿಸುವ ಉಪಾಧ್ಯಾಯರು ಉಂಟು. ಅವರು ಮಕ್ಕಳನ್ನು ಗುಡಿಗೂ ಕೋಟೆಗೂ ಕರೆದೊಯ್ಯುವಂತೆ ಹಳೆಯ ಈಡಿಗರ ಮನೆಗಳಿಗೂ ಒಮ್ಮೆ ಕಳುಹಿಸಲಿ. ಅಂಗಡಿ ಎಲ್ಲಿತ್ತು, ಯಾರು ನಡೆಸಿದರು, ಹರಾಜಿನಲ್ಲಿ ಯಾರಿಗೆ ಹೋಯಿತು, ಮುಚ್ಚಿದ ದಿನ ಮನೆಯವರು ಏನು ಮಾಡಿದರು ಎಂದು ಕೇಳಿ ಬರೆದುಕೊಳ್ಳಲಿ. ಆ ಮನೆಯ ಮುದುಕಿಯನ್ನೂ, ಪಕ್ಕದ ಕೇರಿಯ ಮುದುಕಿಯನ್ನೂ ಬೇರೆಬೇರೆಯಾಗಿ ಕೇಳಲಿ. ಇಬ್ಬರ ಮಾತೂ ಬೇಕು. ಹೇಳಬಲ್ಲವರು ಇನ್ನು ಹತ್ತು ವರ್ಷ ಇರುತ್ತಾರೆಂಬ ಭರವಸೆ ಇಲ್ಲ.